ಕಾಯಕವನ್ನು ಬೇಡಿ ನಡೆದ ವಿದ್ಯಾರ್ಥಿಗಳು

ಬಂದವನನ್ನು ಪರಕೀಯನೆಂದು ಎಣಿಸಬಾರದೆಂಬುದು ಶರಣಧರ್ಮದ ಮೊದಲ ಪಾಠ. ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆಯು ಹೇಳುವ ಮೋಳಿಗೆಯ ಮಾರಯ್ಯನು ಕಲ್ಯಾಣಕ್ಕೆ ಬಂದು ಸೌದೆ ಹೊತ್ತು ಮಾರಿ ದಾಸೋಹ ನಡೆಸಿದನು. ಅನುಭವ ಮಂಟಪವು ಅವನ ಕಾಯಕವನ್ನು ನೋಡಿತೇ ಹೊರತು ಹುಟ್ಟಿದ ನಾಡನ್ನಲ್ಲ.

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ, ಶೈಶವದಲ್ಲಿಯೇ ತಂದೆತಾಯಿಗಳ ಕೈಹಿಡಿದು ಬಂದು ಅಧಿಕೃತ ಪತ್ರವಿಲ್ಲದೆ ಬೆಳೆದವರು ಲಕ್ಷಾಂತರ ಮಂದಿ ಇರುವರು. ಇಂಥ ಮಕ್ಕಳಿಗೆ ಸಾರ್ವಜನಿಕ ಶಾಲೆಯ ಬಾಗಿಲನ್ನು ಮುಚ್ಚಕೂಡದೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ತೀರ್ಪಿತ್ತಿತು. ಆದರೆ ಶಾಲೆ ಮುಗಿದ ಮೇಲೆ ನ್ಯಾಯಬದ್ಧವಾಗಿ ದುಡಿಯುವ ಹಕ್ಕು ಅವರಿಗಿರಲಿಲ್ಲ. ಓದು ಉಂಟು, ಕಾಯಕ ನಿಷಿದ್ಧ! ಬಸವಾದಿ ಪ್ರಮಥರ ಮಾತನ್ನು ಬಲ್ಲವರಿಗೆ ಇದಕ್ಕಿಂತ ಕಠಿನವಾದ ದಂಡನೆ ಮತ್ತೊಂದು ತೋರಲಾರದು.

2010ರ ಜನವರಿ 1ರಂದು ಮಯಾಮಿ ನಗರದಿಂದ ನಾಲ್ವರು ವಿದ್ಯಾರ್ಥಿಗಳು ರಾಜಧಾನಿಯಾದ ವಾಷಿಂಗ್ಟನ್ನಿಗೆ ಕಾಲ್ನಡೆಯಿಂದ ಹೊರಟರು. ಮೂವರಿಗೆ ಪತ್ರವಿರಲಿಲ್ಲ, ನಾಲ್ಕನೆಯವನಿಗೆ ಅದು ಆಗಲೇ ಲಭಿಸಿದ್ದಿತು. ತನಗೆ ಬಾಗಿಲು ತೆರೆದ ಮೇಲೂ ಅವನು ಹೊರಗುಳಿದವರೊಡನೆ ನಡೆದನೆಂಬುದನ್ನು ಸದ್ಭಕ್ತರು ಗಮನಿಸಬೇಕು. ದಾರಿ ಸುಮಾರು 1500 ಮೈಲಿ, ಕಾಲ ನಾಲ್ಕು ತಿಂಗಳು. ಅವರು ತಮ್ಮ ಹೆಸರನ್ನು ಮುಚ್ಚಿಡಲಿಲ್ಲ. ಯಾವ ಊರಿನಲ್ಲಿಯಾದರೂ ಅವರನ್ನು ಹಿಡಿದು ಗಡೀಪಾರು ಮಾಡಬಹುದಾಗಿದ್ದಿತು. ತಂಗಿದಲ್ಲೆಲ್ಲ ತಮ್ಮ ಕಥೆಯನ್ನು ಹೇಳಿದರು. ಅಂಜಿ ಮರೆಯಲ್ಲಿದ್ದವರ ಕಥೆಯನ್ನು ಕೇಳಿದರು. ಜನರನ್ನು ಒಗ್ಗೂಡಿಸುವ ಕಾರ್ಯದಲ್ಲಿ ಈ ಎರಡನೆಯದೇ ಹೆಚ್ಚಿನದು. ಜಾರ್ಜಿಯಾ ಪ್ರಾಂತದ ನಹಂಟಾ ಎಂಬ ಸಣ್ಣ ಊರಿನಲ್ಲಿ ಕು ಕ್ಲಕ್ಸ್ ಕ್ಲಾನಿನವರು ವಲಸೆ ಬಂದವರ ವಿರುದ್ಧ ಸಭೆ ಕೂಡಿದಾಗ, ದಾರಿ ತಪ್ಪಿಸಿಕೊಳ್ಳದೆ ಅಲ್ಲಿಗೇ ಹೋಗಿ ಕರಿಯ ಜನರ ಹಕ್ಕಿನ ಸಂಘದವರ ಪಕ್ಕದಲ್ಲಿ ನಿಂತರು.

ಫಲವು ಒಡನೆ ಕೈಗೂಡಲಿಲ್ಲ. ಇಂಥ ಯುವಕರಿಗೆ ನೆಲೆ ಕೊಡುವ ಮಸೂದೆಯು ಅದೇ ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆಯನ್ನು ದಾಟಿ, ಸೆನೆಟ್ಟಿನಲ್ಲಿ 55 ಮತ ಪಡೆದರೂ ಅವಶ್ಯವಾದ 60 ದೊರೆಯದೆ ಬಿದ್ದುಹೋಯಿತು. ವಿದ್ಯಾರ್ಥಿಗಳು ಚದುರಲಿಲ್ಲ. 2012ರ ಜೂನ್ 15ರಂದು ಅಧ್ಯಕ್ಷ ಒಬಾಮಾ ಅವರು, ಎರಡು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳತಕ್ಕ ದುಡಿಮೆಯ ಅನುಮತಿಯನ್ನೂ ಗಡೀಪಾರಿನಿಂದ ರಕ್ಷಣೆಯನ್ನೂ ಘೋಷಿಸಿದರು. ಮುಂದಿನ ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಂದಿಗೆ ಅದು ಸಂದಿತು. ಪೌರತ್ವವಂತೂ ಅದರಿಂದ ಬರಲಿಲ್ಲ. ಕಾಯಕಕ್ಕೆ ಮಾತ್ರ ದಾರಿಯಾಯಿತು.

ಇದು ದೂರದವರ ಮಾತೆಂದು ಗೃಹಸ್ಥರು ಪುಟ ಮಗುಚಬಾರದು. ನೌಕರಿಯ ವೀಸಾದ ಮೇಲೆ ಅಲ್ಲಿಗೆ ಹೋಗಿ ಶಾಶ್ವತ ನೆಲೆಗಾಗಿ ವರ್ಷಗಟ್ಟಲೆ ಕಾದಿರುವ ಭಾರತೀಯ ಕುಟುಂಬಗಳ ಮಕ್ಕಳು, 21 ವರ್ಷ ತುಂಬಿದಾಗ ತಂದೆತಾಯಿಗಳ ಆಶ್ರಿತರೆಂಬ ಸ್ಥಾನವನ್ನು ಕಳೆದುಕೊಳ್ಳುವರು. ಪತ್ರವಿದ್ದು ಬೆಳೆದವರಾದ್ದರಿಂದ 2012ರ ಘೋಷಣೆಯು ಅವರನ್ನು ಒಳಗೊಳ್ಳಲಿಲ್ಲ. ಅವರೂ ಈಗ ಸಂಘ ಕಟ್ಟಿಕೊಂಡು ಶಾಸಕರ ಬಾಗಿಲಿಗೆ ನಡೆಯುತ್ತಿರುವರು.