ಚುಕ್ಕಿ ಎಷ್ಟು?

ಹೂವಿನ ಅಂಗಡಿಯ ಮುಂದೆ ಅರೆಗಳಿಗೆ ನಿಂತು ಮಲ್ಲಿಗೆಯ ಪರಿಮಳ ಸವಿದು ಹೋದವನನ್ನು ಯಾರೂ ಕಳ್ಳನೆನ್ನುವುದಿಲ್ಲ. ಒಂದು ಮೊಳ ಹೂವನ್ನು ಕೇಳದೆ ಎತ್ತಿಕೊಂಡವನನ್ನು ಮಾತ್ರ ಹಾಗೆನ್ನುತ್ತಾರೆ. ಹಾಗಾದರೆ ಹೂವಾಡಗಿತ್ತಿ ಮಾಲೆ ಕಟ್ಟಿದ ಬಗೆಯನ್ನು ನೋಡಿಕೊಂಡು ಹೋಗಿ, ತಾನೂ ಹಾಗೆಯೇ ಕಟ್ಟಿ ಮಾರಿದವನನ್ನು ಏನೆನ್ನಬೇಕು? ಅವನು ನೋಡಿದ್ದರಿಂದ ಅವಳ ಬುಟ್ಟಿಯಲ್ಲಿ ಒಂದು ಮೊಗ್ಗೂ ಕಡಿಮೆಯಾಗಲಿಲ್ಲ. ಆದರೂ ಅವನು ಏನನ್ನೋ ತೆಗೆದುಕೊಂಡು ಹೋದದ್ದಂತೂ ನಿಜ. ಶಾಲೆಯಲ್ಲಿ ನಾವು ಉಪಾಧ್ಯಾಯರೇ ಮಕ್ಕಳಿಗೆ ‘ನೋಡಿ ಕಲಿ’ ಎಂದು ಹೇಳುತ್ತೇವೆ. ಪರೀಕ್ಷೆಯ ಕೊಠಡಿಯಲ್ಲಿ ಪಕ್ಕದವರದನ್ನು ನೋಡಿದರೆ ಎಬ್ಬಿಸಿ ಹೊರಗೆ ಕಳಿಸುತ್ತೇವೆ. ಕಲಿಯುವುದಕ್ಕೂ ಕದಿಯುವುದಕ್ಕೂ ನಡುವೆ ಇರುವ ಗೆರೆ ಎಲ್ಲಿದೆ ಎಂದು ಮಾತ್ರ ನಾವು ಯಾರೂ ಬಿಡಿಸಿ ಹೇಳುವುದಿಲ್ಲ.

ಈ ಗೆರೆಯ ವಿಷಯ ನನ್ನ ತಲೆಗೆ ಹತ್ತಿದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಅವಳು ಓದುತ್ತಿರುವುದು ನಮ್ಮ ಸಿದ್ಧಾರ್ಥನಗರದ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ. ಊರಿನವರೆಲ್ಲ ‘ಕಾವಾ’ ಎಂದು ಕರೆಯುವ ಈ ಸಂಸ್ಥೆಯ ಬೇರು 1906ರಷ್ಟು ಹಿಂದಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿದೆ. ಅವಳ ವಿಷಯ ಅನ್ವಯಿಕ ಕಲೆ. ‘ಗ್ರಾಫಿಕ್ಸ್ ಅಂತಲೇ?’ ಎಂದು ಕೇಳಿ ನಾನು ಒಮ್ಮೆ ಅವಳಿಂದ ಪಾಠ ಹೇಳಿಸಿಕೊಂಡಿದ್ದೇನೆ. ಕಲಾಶಾಲೆಯಲ್ಲಿ ಗ್ರಾಫಿಕ್ಸ್ ಎಂದರೆ ತಗಡು, ಕಲ್ಲು, ಮರಗಳ ಮೇಲೆ ಚಿತ್ರ ಕೊರೆದು ಅಚ್ಚು ತೆಗೆಯುವ ವಿದ್ಯೆಯಂತೆ. ಗ್ರಾಫಿಕ್ ಡಿಸೈನ್ ಎಂಬುದು ಬೇರೆ. ಡಬ್ಬಿ, ಚೀಲ, ಪುಸ್ತಕದ ರಟ್ಟು, ಅಂಗಡಿಯ ಬೋರ್ಡು ಇವುಗಳ ಮೇಲೆ ಅಕ್ಷರವೂ ಚಿತ್ರವೂ ಹೇಗೆ ಕೂರಬೇಕು ಎಂದು ಯೋಚಿಸುವ ಕೆಲಸ. ‘ನೀವು ಬೆಳಿಗ್ಗೆ ಹಾಲಿನ ಪೊಟ್ಟಣ ಕತ್ತರಿಸೋದರಿಂದ ಹಿಡಿದು ಶಾಲೆ ಗೇಟು ಮುಟ್ಟೋವರೆಗೆ ಯಾರೋ ಕೂತು ಯೋಚಿಸಿ ಬರೆದದ್ದನ್ನ ನೂರು ಸಲ ನೋಡಿರ್ತೀರಿ ಮಿಸ್’ ಎಂದಳು. ಅಂದಿನಿಂದ ನಾನು ಬೆಂಕಿಪೊಟ್ಟಣವನ್ನೂ ತಿರುಗಿಸಿ ನೋಡುವಂತಾದೆ.

ಅವಳ ಹತ್ತಿರ ಒಂದು ಪುಸ್ತಕವಿದೆ. ಕಾಲೇಜಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚಾಗಿ ತನ್ನ ಖುಷಿಗೆ ತುಂಬಿಸುತ್ತಾಳೆ. ದೇವರಾಜ ಮಾರುಕಟ್ಟೆಯ ಕುಂಕುಮದ ಗೋಪುರಗಳು. ಒದ್ದೆ ಗೋಣಿಯ ಮೇಲೆ ಸುತ್ತಾಗಿ ಜೋಡಿಸಿದ ವೀಳ್ಯದೆಲೆ. ಆಟೋರಿಕ್ಷಾದ ಬೆನ್ನಿನಲ್ಲಿ ‘ತಾಯಿಯ ಆಶೀರ್ವಾದ’ ಎಂಬ ಬರಹದ ಕೊಂಬು ದೀರ್ಘಗಳು ಬಳ್ಳಿಯಾಗಿ ಹರಿದಿರುವುದು. ಹರಕೆ ಹೊತ್ತವರು ಚಾಮುಂಡಿಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಹಚ್ಚಿಹೋದ ಅರಿಸಿನ ಕುಂಕುಮ. ನನಗೆ ಚಿತ್ರಗಳಿಗಿಂತ ಹಿಡಿಸಿದ್ದು ಅವುಗಳ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದ ಮೂರು ಮಾತು: ಎಲ್ಲಿ, ಯಾವಾಗ, ಯಾರ ಕೈ. ಮೂರನೆಯದಕ್ಕೆ ಬಹಳ ಕಡೆ ‘ಗೊತ್ತಿಲ್ಲ’ ಎಂದಿತ್ತು. ಕೆಲವು ಕಡೆ ಮಾತ್ರ ‘ಅಗ್ರಹಾರದ ಬೋರ್ಡು ಬರೆಯುವವರು, ಎಡಗೈ’ ಎಂಬಂಥ ಟಿಪ್ಪಣಿ.

ನೋಡಿದ್ದನ್ನು ತೆಗೆದುಕೊಳ್ಳುವುದು ತಪ್ಪೆಂದರೆ ಈ ವಿದ್ಯೆಯೇ ಇರಲಾರದು. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ನೆತ್ತಿಯಲ್ಲಿ ಗಂಡಭೇರುಂಡವಿದೆ. ಅದೇ ಎರಡು ತಲೆಯ ಹಕ್ಕಿ ವಿಜಯನಗರದ ನಾಣ್ಯಕ್ಕೆ ಬಂದು, ಮೈಸೂರು ಅರಸರ ಲಾಂಛನವಾಗಿ, ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿಯೂ ಸಾರಿಗೆ ಸಂಸ್ಥೆಯ ಬಸ್ಸಿನ ಮೈಮೇಲೂ ಇದೆ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಗಂಧದ ಮರದ ರಫ್ತು ನಿಂತಾಗ, ಆ ಮರದಿಂದ ಇಲ್ಲಿಯೇ ಎಣ್ಣೆ ತೆಗೆದು ಸಾಬೂನು ಮಾಡುವ ಯೋಚನೆ ನಮ್ಮ ಸಂಸ್ಥಾನಕ್ಕೆ ಬಂತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಮೈಸೂರು ಸ್ಯಾಂಡಲ್ ಸೋಪನ್ನು ರೂಪಿಸಿದರು. ಅದರ ಗುರುತಾಗಿ ನಿಂತದ್ದು ಸಿಂಹದ ಮೈಗೆ ಆನೆಯ ತಲೆಯುಳ್ಳ ಶರಭ. ಪೆಟ್ಟಿಗೆಯ ಮಾದರಿ ಒಡವೆ ಇಡುವ ಪೆಟ್ಟಿಗೆ. ಪುರಾಣವನ್ನೂ ಒಡವೆಯನ್ನೂ ತಂದು ಬಚ್ಚಲಮನೆಯಲ್ಲಿ ಇಟ್ಟರು, ಜನ ಸಂತೋಷಪಟ್ಟರು. ದೂರದ ಲಂಡನ್ನಿನಲ್ಲೂ ಇದೇ ಕಥೆ. ಅಲ್ಲಿಯ ಸುರಂಗ ರೈಲಿನ ಹೆಸರಾಂತ ನಕ್ಷೆಯನ್ನು 1931ರಲ್ಲಿ ಬಿಡಿಸಿದ ಹ್ಯಾರಿ ಬೆಕ್ ಎಂಬಾತ ರೈಲ್ವೆಯ ಸಿಗ್ನಲ್ ವಿಭಾಗದ ನಕ್ಷೆಗಾರ. ವಿದ್ಯುತ್ ತಂತಿಗಳ ನಕ್ಷೆಯಲ್ಲಿ ಪಳಗಿದ ಕಣ್ಣಿನಿಂದಲೇ ಅವನು ಊರನ್ನು ನೋಡಿ, ಅಂಕುಡೊಂಕು ಹಳಿಗಳನ್ನೆಲ್ಲ ನೇರ ಗೆರೆಗಳಾಗಿ ಎಳೆದ. 1933ರಲ್ಲಿ ಅದು ಅಚ್ಚಾಯಿತು. ಆ ತಂತಿಗಳ ನಕ್ಷೆಯನ್ನು ಮೊದಲು ಎಳೆದವನನ್ನು ಹುಡುಕಿಕೊಂಡು ಹೋಗಿ ಅಪ್ಪಣೆ ಕೇಳುವುದು ಸಾಧ್ಯವೇ?

ಹೀಗೆ ಎಲ್ಲರೂ ತೆಗೆದುಕೊಂಡಿದ್ದಾರೆ ಎಂದು ನಾವು ಸಮಾಧಾನ ಮಾಡಿಕೊಳ್ಳಬಹುದಾಗಿತ್ತು. ಆದರೆ ನಮ್ಮ ಹುಡುಗಿಗೆ ಎದುರಾದ ಸಂಕಟ ಅಷ್ಟಕ್ಕೆ ತೀರುವಂತಿರಲಿಲ್ಲ. ಊರಿನ ಒಂದು ಸೀರೆ ಅಂಗಡಿಯವರು ತಮ್ಮ ಚೀಲಕ್ಕೂ ಬೋರ್ಡಿಗೂ ಒಂದು ಗುರುತು ಬೇಕೆಂದು ಅವಳನ್ನು ಕೇಳಿದರು. ಅವಳು ಹತ್ತಾರು ಬಗೆ ಬರೆದು ನೋಡಿ ಕೊನೆಗೆ ತನ್ನ ಬೀದಿಯ ಒಬ್ಬ ಅಜ್ಜಿ ಶುಕ್ರವಾರಗಳಂದು ಬಾಗಿಲಲ್ಲಿ ಬಿಡುವ ಆರೆಸಳಿನ ತಾವರೆಯ ರಂಗೋಲಿಯನ್ನು ಆಯ್ದು, ಗೆರೆಗಳನ್ನು ಇಳಿಸಿ, ದಪ್ಪ ಮಾಡಿ, ಮುದ್ದಾದ ಒಂದು ಗುರುತು ಮಾಡಿದಳು. ಅವರು ಮೆಚ್ಚಿದರು. ಹಣ ಕೊಡುವ ಮುನ್ನ ಒಂದು ಕಾಗದ ಮುಂದಿಟ್ಟರು: ‘ಇದು ಸಂಪೂರ್ಣವಾಗಿ ನನ್ನ ಸ್ವಂತ ಕಲ್ಪನೆ, ಬೇರೆ ಯಾರಿಂದಲೂ ಪಡೆದದ್ದಲ್ಲ.’ ಅವರಿಗೂ ಕಾರಣವಿತ್ತು. ಗುರುತನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಬೇಕಿತ್ತು. ಹುಡುಗಿ ಕಾಗದವನ್ನು ಮಡಿಸಿಕೊಂಡು ಭಾನುವಾರ ನಮ್ಮ ಮನೆಗೆ ಬಂದಳು. ‘ಮಿಸ್, ಸಹಿ ಹಾಕಲಾ?’ ಎಂದಳು.

ಕಾನೂನನ್ನು ಕೇಳಿದರೆ ಅದು ತನಗೆ ತಿಳಿದ ಲೆಕ್ಕ ಹೇಳುತ್ತದೆ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನ ಹಕ್ಕು ಅವನ ಜೀವಿತ ಕಾಲ ಮತ್ತು ಆಮೇಲೆ 60 ವರ್ಷ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತ ಶಿಲ್ಪವನ್ನು ನೋಡಿ ಚಿತ್ರ ಬರೆದರೆ ಅದೇ ಕಾಯಿದೆಯಲ್ಲಿ ತಪ್ಪಿಲ್ಲ. ಟ್ರೇಡ್‌ಮಾರ್ಕಿನ ನೋಂದಣಿ 10 ವರ್ಷಕ್ಕೆ. ನವೀಕರಿಸುತ್ತ ಹೋದರೆ ಎಷ್ಟು ಕಾಲವಾದರೂ ನಡೆಯುತ್ತದೆ. ಒಬ್ಬ ವ್ಯಕ್ತಿಗಲ್ಲದೆ ಒಂದು ಊರಿಗೆ, ಸೀಮೆಗೆ ಸೇರಿದ ವಸ್ತುಗಳೂ ಇರುತ್ತವೆ ಎಂಬುದನ್ನು 1999ರ ಭೌಗೋಳಿಕ ಗುರುತಿನ ಕಾಯಿದೆ ಒಪ್ಪಿಕೊಂಡಿತು. ಮೈಸೂರು ರೇಷ್ಮೆ, ಮೈಸೂರು ಮಲ್ಲಿಗೆ, ಮೈಸೂರಿನ ಗಂಜೀಫಾ ಎಲೆಗಳಿಗೆ ಆ ಗುರುತು ಸಿಕ್ಕಿದೆ. ಇಷ್ಟೆಲ್ಲ ಇದ್ದರೂ, ಯಾರು ಮೊದಲು ಬಿಟ್ಟರೆಂದು ತಿಳಿಯದ, ಮರುದಿನದ ಪೊರಕೆಗೆ ಅಳಿಸಿಹೋಗುವ ಒಂದು ರಂಗೋಲಿಗೆ ಈ ಯಾವ ಅಳತೆಯೂ ಹೊಂದುವುದಿಲ್ಲ. ಬರೆದವರು ತೀರಿಕೊಂಡು 60 ವರ್ಷ ಎಲ್ಲಿ, ಬರೆದದ್ದು ನಾಳೆ ಬೆಳಗಿನ ತನಕ ಎಲ್ಲಿ!

ಆದರೆ ರಂಗೋಲಿಗೂ ತನ್ನದೇ ಒಂದು ಕಾನೂನು ಉಂಟು. ನಮ್ಮ ಬೀದಿಗಳಲ್ಲಿ ಹುಟ್ಟಿ ಬೆಳೆದ ಹೆಂಗಸರಿಗೆಲ್ಲ ಅದು ಗೊತ್ತು. ಹಾಲು ತರಲು ಹೊರಟವಳು ಯಾರದೋ ಬಾಗಿಲ ಮುಂದೆ ಒಂದು ಚಂದದ ರಂಗೋಲಿ ಕಂಡರೆ ಸುಮ್ಮನೆ ನೋಡಿಕೊಂಡು ಹೋಗುವುದಿಲ್ಲ. ನಿಂತು ‘ಚುಕ್ಕಿ ಎಷ್ಟು?’ ಎಂದು ಕೇಳುತ್ತಾಳೆ. ಬಿಟ್ಟವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ‘15ರಿಂದ 8, ಮಧ್ಯೆ ಚುಕ್ಕಿ’ ಎಂದು ಹೇಳುತ್ತಾಳೆ. ಇಲ್ಲವೆಂದವರನ್ನು ನಾನು ಈವರೆಗೆ ಕಂಡಿಲ್ಲ. ಕೇಳಿದವಳು ಮನೆಗೆ ಹೋಗಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಚುಕ್ಕಿ ಇಟ್ಟು ಬಿಡಿಸಿಕೊಳ್ಳುತ್ತಾಳೆ. ಮುಂದೆ ಯಾರಾದರೂ ಮೆಚ್ಚಿದರೆ ‘ಮೂಲೆಮನೆಯವರು ಹೇಳಿಕೊಟ್ಟಿದ್ದು’ ಎಂದು ಹೇಳುವುದನ್ನು ಮರೆಯುವುದಿಲ್ಲ. ಚಿತ್ರ ಕಣ್ಣೆದುರೇ ಬಿದ್ದಿದೆ, ಎಣಿಸಿಕೊಂಡರೆ ಚುಕ್ಕಿ ತಾನಾಗಿಯೇ ಸಿಗುತ್ತದೆ. ಹಾಗಿದ್ದೂ ಕೇಳುವುದೇಕೆ? ಆ ಕೇಳುವಿಕೆಯಲ್ಲಿ, ಇದು ನೆಲದಿಂದ ಎದ್ದದ್ದಲ್ಲ, ನಿನ್ನ ಕೈಯಿಂದ ಬಂದದ್ದು ಎಂಬ ಒಪ್ಪಿಗೆ ಇದೆ. ಹೇಳುವಿಕೆಯಲ್ಲಿ, ಇದನ್ನು ನನ್ನ ಬಳಿಯೇ ಇಟ್ಟುಕೊಳ್ಳುವುದಿಲ್ಲ ಎಂಬ ಮಾತು ಇದೆ. ಈ ಎರಡೂ ಸೇರಿದರೆ ಕಲಿಕೆ. ಒಂದು ಕಡೆಯದು ತಪ್ಪಿದರೂ ಅದು ಬೇರೆಯೇ ವ್ಯವಹಾರವಾಗುತ್ತದೆ.

ನಾನು ಹುಡುಗಿಗೆ ಹೆಚ್ಚೇನೂ ಉಪದೇಶ ಮಾಡಲಿಲ್ಲ. ‘ಮೊದಲು ಆ ಅಜ್ಜಿಗೆ ತೋರಿಸಿ ಬಾ’ ಎಂದೆ. ತೋರಿಸಲು ಕಾಲು ಬಾರದಿದ್ದರೆ ಸಹಿಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಸಿಕ್ಕಂತಾಯಿತಲ್ಲ. ಅವಳು ಹೋದಳು. ಅಜ್ಜಿ ಕನ್ನಡಕ ಏರಿಸಿ ನೋಡಿ, ‘ಅಯ್ಯೋ, ನಮ್ಮ ಬಾಗಿಲಿಂದು ಅಲ್ವೇನವ್ವಾ ಇದು! ಎಸಳಿನ ತುದೀಲಿ ಸುರುಳಿ ಬಿಟ್ಟೇಬಿಟ್ಟಿದ್ದೀಯ ನೋಡು’ ಎಂದು ನಕ್ಕರಂತೆ. ‘ನಂದು ಅಂತ ಏನಿದೆ, ನಮ್ಮತ್ತೆ ಬಿಡ್ತಿದ್ರು, ನಂಜನಗೂಡಿನ ಕಡೆಯೋರು. ಅವರಿಗೆ ಯಾರು ಹೇಳ್ಕೊಟ್ಟಿದ್ರೋ. ಹಾಕ್ಕೋ ಹೋಗು, ಆದ್ರೆ ಸುರುಳಿ ಸೇರಿಸು’ ಎಂದರಂತೆ. ಸುರುಳಿ ಸೇರಿಸಿದ ಮೇಲೆ ಚಿತ್ರ ಮೊದಲಿಗಿಂತ ಚೆನ್ನಾಗಿ ಕೂತಿತು ಎಂದು ಹುಡುಗಿಯೇ ಹೇಳಿದಳು.

ಅಜ್ಜಿಯ ಒಪ್ಪಿಗೆ ಸಿಕ್ಕಿತು. ಆದರೆ ಕಾಗದದಲ್ಲಿದ್ದ ಮಾತು ಅದರಿಂದ ನಿಜವಾಗಲಿಲ್ಲ. ‘ಯಾರಿಂದಲೂ ಪಡೆದದ್ದಲ್ಲ’ ಎಂಬುದು ಈಗ ಮತ್ತೂ ಸುಳ್ಳಾಯಿತು. ಅವಳು ಅಂಗಡಿಯವರಲ್ಲಿ ಹೋಗಿ, ‘ಮನೆಗಳ ಬಾಗಿಲಲ್ಲಿ ಬಿಡುವ ಚುಕ್ಕಿ ರಂಗೋಲಿಯನ್ನು ಆಧರಿಸಿ ಬರೆದದ್ದು’ ಎಂಬ ಒಂದು ಸಾಲು ಸೇರಿಸಿ ಸಹಿ ಮಾಡುತ್ತೇನೆ ಎಂದಳು. ಅವರು ವಕೀಲರನ್ನು ಕೇಳಿ, ಅಂಥ ಸಾಲು ಇದ್ದರೆ ನೋಂದಣಿಗೆ ತೊಡಕು ಎಂದು ಹೇಳಿ, ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಬಂದಿದ್ದರೆ ಆ ಹಣ ಅವಳ ಒಂದು ವರ್ಷದ ಬಣ್ಣ, ಕಾಗದ, ಬಸ್ಸಿನ ಪಾಸಿಗೆ ಆಗುತ್ತಿತ್ತು. ಅವಳ ತಂದೆ ದರ್ಜಿ.

ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ನಮ್ಮ ಗಣಿತದ ಮೇಷ್ಟ್ರು ಸರಿಯಾಗಿಯೇ ಕೇಳಿದರು: ‘ಇದರಿಂದ ಯಾರಿಗೆ ಏನು ಲಾಭವಾಯಿತು? ಅಜ್ಜಿಗೆ ಒಂದು ಕಾಸೂ ಬರಲಿಲ್ಲ, ಸಹಿ ಹಾಕಿದ್ದರೂ ಒಂದು ಕಾಸೂ ಹೋಗುತ್ತಿರಲಿಲ್ಲ. ಹುಡುಗಿ ಮಾತ್ರ ನಷ್ಟಕ್ಕೆ ಬಿದ್ದಳು. ತಿಂಗಳು ತಿಂಗಳು ಸಂಬಳ ಎಣಿಸುವ ನಮಗೆ ಧರ್ಮ ಸುಲಭ.’ ಕೊನೆಯ ಮಾತು ನನಗೆ ನಾಟಿತು. ಇಪ್ಪತ್ತು ವರ್ಷದ ಹುಡುಗಿ ತೆತ್ತ ಬೆಲೆಯನ್ನು ಮೆಚ್ಚಿ ಮಾತನಾಡುವವರು, ಆ ಬೆಲೆ ತಮ್ಮ ಜೇಬಿನಿಂದ ಹೋಗಲಿಲ್ಲ ಎಂಬುದನ್ನು ನೆನಪಿಡಬೇಕು.

ಆದರೂ ಲಾಭನಷ್ಟದ ಆ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ ಎಂದೇ ನನಗೆ ಅನ್ನಿಸುತ್ತದೆ. ಅಜ್ಜಿ ತನ್ನ ಬಾಗಿಲಲ್ಲಿ ರಂಗೋಲಿ ಬಿಡುವುದನ್ನು ಯಾವ ಟ್ರೇಡ್‌ಮಾರ್ಕೂ ತಡೆಯಲಾರದು, ನಿಜ. ಆದರೆ ಅದೇ ಬೀದಿಯ ಇನ್ನೊಬ್ಬಳು ನಾಳೆ ಅದೇ ಆರೆಸಳನ್ನು ಹಾಕಿ ನಾಲ್ಕು ಚೀಲ ಹೊಲಿದು ಮಾರಲು ಹೊರಟರೆ ನೋಂದಣಿ ಉಳ್ಳವರು ತಕರಾರು ತೆಗೆಯಬಹುದು. ನಂಜನಗೂಡಿನ ಕಡೆಯಿಂದ ಅತ್ತೆ, ಸೊಸೆ, ಬೀದಿ ಎಂದು ಕೇಳಿ ಹೇಳಿ ಬಂದ ಒಂದು ದಾರಿ ಅಲ್ಲಿಗೆ ಬಂದು ಮುಚ್ಚುತ್ತದೆ. ಮುಚ್ಚಿದ ಬಾಗಿಲಿಗೆ ಕೀಲಿಯಾಗುವುದು ಆ ಒಂದು ಸುಳ್ಳು ಸಹಿ. ನೋಡಿ ತೆಗೆದುಕೊಂಡದ್ದರಲ್ಲಿ ದೋಷವಿಲ್ಲ. ತೆಗೆದುಕೊಂಡ ಮೇಲೆ ‘ಇದು ಎಲ್ಲಿಂದಲೂ ಬಂದದ್ದಲ್ಲ’ ಎಂದು ಹೇಳಿ, ಹಿಂದೆ ಬರುವವರಿಗೆ ತೆಗೆದುಕೊಳ್ಳಲು ಬಿಡದಿರುವುದರಲ್ಲಿ ದೋಷವಿದೆ. ಬಳ್ಳಿಗಾವೆಯ ಶಿಲ್ಪಿಯ ಮುಂದೆ ಹೋಗಿ ನಾವು ಕೇಳಲಾರೆವು, ಅವನ ಸಾಲವನ್ನು ಅವನಿಗೆ ತೀರಿಸಲಾರೆವು. ಮುಂದಿನವರು ಬಂದು ಚುಕ್ಕಿ ಎಷ್ಟೆಂದು ಕೇಳಿದಾಗ ಹೇಳಬಲ್ಲೆವು. ಹೆಸರಿಲ್ಲದವರ ಸಾಲ ತೀರುವುದು ಹಾಗೆಯೇ ಇರಬೇಕು.

ಈಗ ಕೇಳುವ ಸಂದರ್ಭವೇ ಕಡಿಮೆಯಾಗುತ್ತಿದೆ ಎಂಬುದು ನನ್ನ ಆತಂಕ. ಅಂಗೈಯ ಫೋನಿನಲ್ಲಿ ಕ್ಷಣಕ್ಕೆ ಸಾವಿರ ಚಿತ್ರ ಬರುತ್ತದೆ. ಒಂದಕ್ಕೂ ಬಾಗಿಲಿಲ್ಲ, ಬಾಗಿಲಲ್ಲಿ ನಿಂತ ಹೆಂಗಸಿಲ್ಲ. ಪ್ರಾಜೆಕ್ಟ್ ಬರೆದು ತಂದ ಮಕ್ಕಳನ್ನು ‘ಇದು ಎಲ್ಲಿಯದು?’ ಎಂದರೆ ‘ನೆಟ್ಟಲ್ಲಿ ಸಿಕ್ತು ಮಿಸ್’ ಎನ್ನುತ್ತಾರೆ, ಮಳೆ ನೀರು ಆಕಾಶದಿಂದ ಬಿತ್ತು ಎಂಬಷ್ಟು ಸಹಜವಾಗಿ. ಅವರನ್ನು ಗದರಿ ಪ್ರಯೋಜನವಿಲ್ಲ. ಹುಡುಗಿಯ ಪುಸ್ತಕದಿಂದ ನಾನೂ ಒಂದನ್ನು ತೆಗೆದುಕೊಂಡೆ, ಅವಳನ್ನು ಕೇಳಿಯೇ. ಎಂಟನೆಯ ತರಗತಿಯವರು ಚಿತ್ರ ಬರೆದರೆ ಕೆಳಗೆ ಆ ಮೂರು ಮಾತು ಬರೆಯಬೇಕೆಂದು ಹೇಳಿದ್ದೇನೆ. ಮೊದಮೊದಲು ಎಲ್ಲರದೂ ‘ಗೊತ್ತಿಲ್ಲ’. ಹೋದ ವಾರ ಒಬ್ಬ ಹುಡುಗ ಎಳನೀರು ಗಾಡಿಯ ಹಲಗೆಯ ಮೇಲಿದ್ದ ಗಿಣಿಯ ಚಿತ್ರ ಬರೆದು ತಂದಿದ್ದ. ಕೆಳಗೆ ಹೀಗಿತ್ತು: ‘ಮೃಗಾಲಯದ ಹತ್ತಿರ. ಬುಧವಾರ. ಯಾರ ಕೈ ಅಂತ ಗಾಡಿಯವರಿಗೂ ಗೊತ್ತಿಲ್ಲ, ಅವರ ಅಣ್ಣನನ್ನು ಕೇಳಿ ಹೇಳುತ್ತಾರಂತೆ.’ ನಾನು ಕೆಂಪು ಮಸಿಯಲ್ಲಿ ಸರಿ ಗುರುತು ಹಾಕಿ, ಮೂರನೆಯ ಸಾಲಿಗೆ ಒಂದಿಷ್ಟು ಜಾಗ ಬಿಡು ಎಂದು ಬರೆದು ಕಳಿಸಿದೆ.