ಆರನೇ ಕಂಬಿಯ ಕರ್ಮ

ಆರನೇ ಕಂಬಿಗೆ ಹಾಕಿದ ರಾಕೆಟ್ ಏಳುವುದಿಲ್ಲ ಎಂಬುದು ಆ ಮಕ್ಕಳ ನಡುವೆ ಆಗಲೇ ಶಾಸ್ತ್ರವಾಗಿಬಿಟ್ಟಿತ್ತು. ಡೆನ್ವರ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗಿನ ಮಾತು. ಮೊಮ್ಮಗನ ತಂಡದವರು ಶನಿವಾರ ಬೆಳಿಗ್ಗೆ ಬಯಲಿನಲ್ಲಿ ಮಾದರಿ ರಾಕೆಟ್ ಹಾರಿಸುತ್ತಾರೆ. ರಟ್ಟಿನ ಕೊಳವೆ, ಬಾಲ್ಸಾ ಮರದ ರೆಕ್ಕೆ, ಪ್ಲಾಸ್ಟಿಕ್ ಮೂತಿ, ಹೊಟ್ಟೆಯೊಳಗೆ ಮಡಚಿಟ್ಟ ಪ್ಯಾರಾಚೂಟು. ಒಂದೇ ಸ್ಟ್ಯಾಂಡಿನ ಮೇಲೆ ಸಾಲಾಗಿ ಆರು ಕಂಬಿ. ಆರು ಮಕ್ಕಳು ತಂತಮ್ಮ ರಾಕೆಟ್ ಏರಿಸಿ, ದೂರ ಸರಿದು ನಿಂತು, ಸರದಿಯ ಮೇಲೆ ಗುಂಡಿ ಒತ್ತಬೇಕು. ಆರನೆಯದು ಒಬ್ಬ ಹುಡುಗಿಯ ಪಾಲಿಗೆ ಬಂತು. ಒತ್ತಿದಳು, ಏಳಲಿಲ್ಲ. ಬೆಂಕಿ ಹೊತ್ತಿಸುವ ಇಗ್ನೈಟರ್ ಬದಲಿಸಿ ಕೊಟ್ಟರು, ಆಗಲೂ ಇಲ್ಲ. ‘ಬಿಡು ತಾತ, ಅವಳ ಲಕ್ಕೇ ಅಷ್ಟು’ ಅಂದ ನನ್ನ ಮೊಮ್ಮಗ. ಕನ್ನಡದಲ್ಲಿ ಅಂದ, ಅವಳಿಗೆ ತಿಳಿಯದಿರಲಿ ಅಂತ.

ಅಮೆರಿಕದಲ್ಲಿ ಹುಟ್ಟಿದ ಹುಡುಗನ ಬಾಯಲ್ಲಿ ನನ್ನ ಅಮ್ಮನ ಮಾತು ಬಂದದ್ದು ಕೇಳಿ ನಗು ಬಂತು. ‘ಅವರವರು ಪಡೆದುಕೊಂಡು ಬಂದದ್ದು’ ಎನ್ನದೆ ಅಮ್ಮನ ದಿನ ಮುಗಿಯುತ್ತಿರಲಿಲ್ಲ. ನಮ್ಮದು ಮಾಧ್ವರ ಮನೆ. ಜೀವಜೀವಕ್ಕೂ ಸ್ವರೂಪದಲ್ಲೇ ತಾರತಮ್ಯವಿದೆ, ಅವರವರ ಯೋಗ್ಯತೆಯೂ ಅನಾದಿ ಎಂದು ಹಾಲಿನ ಜೊತೆಗೇ ಕುಡಿದವರು ನಾವು. ನಾನು ಮಾತ್ರ ಓದು ಮುಗಿಸಿದ್ದೇ ಪೀಣ್ಯದ ಟೂಲ್‌ರೂಮು ಸೇರಿದೆ, ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಟೂಲ್‌ರೂಮಿನಲ್ಲಿ ಯಾವ ಸಾಮಾನು ಕೆಟ್ಟರೂ ಅದರ ಯೋಗ್ಯತೆಯ ಮಾತು ಕೊನೆಗೆ ಬರುತ್ತದೆ. ಮೊದಲು ಗೇಜು.

ಅಮ್ಮನ ಆ ಮಾತಿನ ಹಿಂದೆ ಒಂದು ಹಳೆಯ ವಾದವಿದೆ. ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಮೊದಲ ಪಾದದಲ್ಲಿ ದೇವರ ಮೇಲೆ ಎರಡು ಆರೋಪಗಳು ವಿಚಾರಣೆಗೆ ಬರುತ್ತವೆ. ಜಗತ್ತನ್ನು ಅವನೇ ಸೃಷ್ಟಿಸಿದ್ದಾದರೆ ಒಬ್ಬನಿಗೆ ಸುಖ, ಒಬ್ಬನಿಗೆ ಸಂಕಟ ಯಾಕೆ? ಅವನು ಪಕ್ಷಪಾತಿಯೇ, ಕರುಣೆ ಇಲ್ಲದವನೇ? ಎರಡೂ ಅಲ್ಲ, ಜೀವರ ಕರ್ಮವನ್ನು ನೋಡಿಕೊಂಡು ಅವನು ಫಲ ಕೊಡುತ್ತಾನೆ ಎಂಬುದು ಸಿದ್ಧಾಂತ. ಶಂಕರರು ಇಲ್ಲಿ ಮಳೆಯ ದೃಷ್ಟಾಂತ ತರುತ್ತಾರೆ. ಭತ್ತಕ್ಕೂ ಜವೆಗೋಧಿಗೂ ಮಳೆ ಸಾಧಾರಣ ಕಾರಣ, ಎಂದರೆ ಎರಡಕ್ಕೂ ಸಮಾನವಾದದ್ದು. ಇದು ಭತ್ತ, ಅದು ಜವೆ ಎಂಬ ಭೇದ ಬರುವುದು ಬೀಜದಿಂದ, ಅದು ವಿಶೇಷ ಕಾರಣ. ಸರಿ, ಮೊಟ್ಟಮೊದಲ ಸೃಷ್ಟಿಗೂ ಮುಂಚೆ ಕರ್ಮವಾದರೂ ಎಲ್ಲಿತ್ತು ಎಂದು ಎದುರಾಳಿ ಮತ್ತೆ ಕೇಳುತ್ತಾನೆ. ಸಂಸಾರಕ್ಕೆ ಮೊದಲು ಎಂಬುದೇ ಇಲ್ಲ, ಅದು ಅನಾದಿ ಎಂದು ಮುಂದಿನ ಸೂತ್ರ ಹೇಳುತ್ತದೆ. ಬಹಳ ಬಿಗಿಯಾದ ವಾದ. ಬೇರೆ ಬೇರೆ ಮತದ ಆಚಾರ್ಯರು ಈ ಜಾಗದಲ್ಲಿ ಹೆಚ್ಚು ಜಗಳವಾಡಿಲ್ಲ ಎಂಬುದೇ ಅದಕ್ಕೆ ಸಾಕ್ಷಿ.

ಸ್ಟ್ಯಾಂಡ್ ಎಂದರೆ ಆ ಮಳೆಯ ಜಾಗದಲ್ಲಿರುವ ಸಾಮಾನು. ಅದರ ಹೊಣೆ ಇರುವುದು ಮೊದಲ ಮೂರು ಅಡಿಗೆ ಮಾತ್ರ. ರಾಕೆಟ್ಟಿನ ಪಕ್ಕದಲ್ಲಿ ಸ್ಟ್ರಾ ದಪ್ಪದ ಒಂದು ಗಿಡ್ಡ ಕೊಳವೆ ಅಂಟಿಸಿರುತ್ತದೆ, ಅದನ್ನು ಕಂಬಿಗೆ ಪೋಣಿಸಿ ನಿಲ್ಲಿಸುತ್ತಾರೆ. ವೇಗ ಬರುವವರೆಗೆ ರೆಕ್ಕೆಗೆ ಗಾಳಿಯ ಹಿಡಿತ ಸಿಗುವುದಿಲ್ಲ. ಅಷ್ಟು ಹೊತ್ತು ಕಂಬಿ ದಾರಿ ತೋರಿಸಬೇಕು. ನಮ್ಮ ದೀಪಾವಳಿ ರಾಕೆಟ್ಟಿನಲ್ಲಿ ಕಡ್ಡಿ ಜೊತೆಗೇ ಹೋಗುತ್ತದೆ, ಟಿಪ್ಪುವಿನ ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್ಟಿಗೂ ಉದ್ದನೆಯ ಬಿದಿರು ಕಟ್ಟುತ್ತಿದ್ದರು. ಇಲ್ಲಿ ಕಂಬಿ ನೆಲದಲ್ಲೇ ಉಳಿಯುತ್ತದೆ. ಮೇಲೆ ಹೋದ ಮೇಲೆ ಆಗುವುದೆಲ್ಲ ರಾಕೆಟ್ಟಿನ ಸ್ವಂತದ್ದು.

ಮೀಟರ್ ತರಿಸಿ ಹಳೆಯ ಸ್ಟ್ಯಾಂಡಿನ ವೈರಿಂಗ್ ನೋಡಿದೆ. ಯಾರೋ ಹಿಂದೆ ಕಟ್ಟಿಕೊಟ್ಟು ಹೋದದ್ದು. ತೆಳು ವೈರು. ಬ್ಯಾಟರಿಯ ಮೈನಸ್ ಮೊದಲ ಕಂಬಿಗೆ ಬಂದು, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೀಗೆ ದಾಟಿಕೊಂಡು ಹೋಗಿತ್ತು. ಒಂದೊಂದು ಕಡೆಯೂ ತಿರುಚಿ ಟೇಪು ಸುತ್ತಿದ್ದರು, ಬೆಸುಗೆ ಇಲ್ಲ. ಟೇಪು ಬಿಚ್ಚಿದರೆ ತಾಮ್ರ ಕಪ್ಪಗಾಗಿತ್ತು. ಒಂದನೇ ಕಂಬಿಯ ಕ್ಲಿಪ್ಪಿಗೂ ಆರನೆಯದಕ್ಕೂ ಒಂದು ಓಮ್‌ಗಿಂತ ಹೆಚ್ಚು ವ್ಯತ್ಯಾಸ. ಇಗ್ನೈಟರಿನ ಸ್ವಂತ ರೋಧವೇ ಒಂದು ಓಮ್ ಮುಟ್ಟುವುದಿಲ್ಲ ಎಂದ ಮೇಲೆ ಆರನೆಯವಳ ಪಾಲಿನ ಕರೆಂಟು ದಾರಿಯಲ್ಲೇ ಖರ್ಚಾಗುತ್ತಿತ್ತು. ಒಂದನೆಯವನದು ಗುಂಡಿ ಮುಟ್ಟಿದರೆ ಸಾಕು, ಸುಂಯ್ ಎನ್ನುತ್ತಿತ್ತು. ನೋಡುವವರ ಕಣ್ಣಿಗೆ ಇಬ್ಬರಿಗೂ ಒಂದೇ ಬ್ಯಾಟರಿ, ಒಂದೇ ಗುಂಡಿ, ಒಂದೇ ಮಳೆ.

ಹೊಸದನ್ನು ಮಗಳ ಮನೆಯ ಗ್ಯಾರೇಜಿನಲ್ಲಿ ಕಟ್ಟಿದೆ. 8 ಅಡಿಯ ಒಂದು ಮರದ ತೊಲೆ. 16 ಅಂಗುಲಕ್ಕೊಂದರಂತೆ ಆರು ಕಂಬಿ, ಎರಡೂ ತುದಿಗೆ 8 ಅಂಗುಲ ಬಿಟ್ಟರೆ ಲೆಕ್ಕ ಸರಿಯಾಗಿ ಕೂರುತ್ತದೆ. ಕಂಬಿ 3 ಮಿಲಿಮೀಟರಿಗಿಂತ ಒಂದು ಚೂರು ದಪ್ಪ, 3 ಅಡಿ ಉದ್ದದ ಉಕ್ಕಿನದು. ಬೆಂಕಿ ಮರಕ್ಕೆ ತಾಗದಂತೆ ಪ್ರತಿಯೊಂದರ ಬುಡಕ್ಕೆ ಓರೆಯಾಗಿ ಸ್ಟೀಲ್ ತಗಡು. ಬಗ್ಗಿದ ಮಕ್ಕಳ ಕಣ್ಣಿಗೆ ಚುಚ್ಚದಂತೆ ತುದಿಗೊಂದು ಟೋಪಿ, ಹಾರಿಸುವಾಗ ಮಾತ್ರ ತೆಗೆಯುವಂಥದ್ದು. 12 ವೋಲ್ಟಿನ ಬ್ಯಾಟರಿಯನ್ನು ಸ್ಟ್ಯಾಂಡಿನ ಪಕ್ಕಕ್ಕೇ ತಂದೆ. ಕಾರಿನ ಆರು ರಿಲೇ ಹಾಕಿ, ರಿಲೇಯಿಂದ ಪ್ರತಿ ಕಂಬಿಗೂ ಬೇರೆ ಬೇರೆ ಜೋಡಿ ದಪ್ಪ ವೈರು ಎಳೆದೆ. ಮಕ್ಕಳ ಕೈಯಲ್ಲಿರುವ ಗುಂಡಿಯಿಂದ ಬರುವುದು ‘ಈಗ’ ಎಂಬ ಅಪ್ಪಣೆ ಮಾತ್ರ, ಅದಕ್ಕೆ ತೆಳು ವೈರು ಸಾಕು. ಆರೂ ಜೋಡಿ ವೈರಿನ ಉದ್ದ ಒಂದೇ. ಹತ್ತಿರದ ಕಂಬಿಗೆ ಅಷ್ಟು ಉದ್ದ ಬೇಕಿಲ್ಲ, ಮಿಕ್ಕದ್ದನ್ನು ಸುತ್ತಿ ಕಟ್ಟಿದೆ. ಅದು ದಂಡ ಅಂದ ಅಳಿಯ. ದಂಡವೇ, ಆದರೆ ಹತ್ತಿರದವನಿಗೆ ಲಾಭ ಸಿಗದಿರಲು ಅಷ್ಟು ತಾಮ್ರ ಬೇಕು.

ಮೋಟರಿನ ವಿಷಯದಲ್ಲಿ ಈ ಸಮತೆಯನ್ನು ಆ ದೇಶದವರು ಮೊದಲೇ ಸಾಧಿಸಿದ್ದಾರೆ. 1950ರ ದಶಕದಲ್ಲಿ ಹುಡುಗರು ಮನೆಯಲ್ಲೇ ರಾಸಾಯನಿಕ ಬೆರೆಸಿ ರಾಕೆಟ್ ಮಾಡಲು ಹೋಗಿ ಕೈ ಸುಟ್ಟುಕೊಳ್ಳುತ್ತಿದ್ದರು. ನೆಬ್ರಾಸ್ಕಾದ ನಾರ್ಫೋಕ್ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಎಂಬಾತ ಬಳಸಿ ಬಿಸಾಡುವಂಥ ಪುಟ್ಟ ಮೋಟರನ್ನು ರೂಪಿಸಿದ. ವೈಟ್ ಸ್ಯಾಂಡ್ಸ್ ಪರೀಕ್ಷಾ ಕೇಂದ್ರದಲ್ಲಿದ್ದ ಜಿ. ಹ್ಯಾರಿ ಸ್ಟೈನ್ ಅದನ್ನು ಮಕ್ಕಳವರೆಗೆ ತಲುಪಿಸುವ ದಾರಿ ಹುಡುಕಿದ. ಇದೇ ಡೆನ್ವರ್‌ನ ವರ್ನ್ ಎಸ್ಟೆಸ್ 1959ರ ಹೊತ್ತಿಗೆ ಮೋಟರ್ ತಯಾರಿಸುವ ಯಂತ್ರವೊಂದನ್ನು ಕಟ್ಟಿ ಅದಕ್ಕೆ ಮೇಬಲ್ ಎಂದು ಹೆಸರಿಟ್ಟ. ಸಿ6-5 ಎಂದು ಬರೆದ ಮೋಟರಿನಲ್ಲಿ ಸಿ ಎಂದರೆ ಒಟ್ಟು ನೂಕು 10 ನ್ಯೂಟನ್-ಸೆಕೆಂಡಿನೊಳಗೆ, 6 ಎಂದರೆ ಸರಾಸರಿ 6 ನ್ಯೂಟನ್, 5 ಎಂದರೆ ಉರಿದು ಮುಗಿದ 5 ಸೆಕೆಂಡಿಗೆ ಪ್ಯಾರಾಚೂಟು ಹೊರಗೆ. ಯಾರ ಮಗು ಕೊಂಡರೂ ಅಷ್ಟೇ.

ಮೋಟರ್ ಸಮ, ಸ್ಟ್ಯಾಂಡ್ ಸಮ. ಮುಂದಿನ ಶನಿವಾರ ಅದೇ ಹುಡುಗಿ ಅದೇ ಜಾಗ ಕೇಳಿ ಪಡೆದಳು. ಕೀಲಿ ನನ್ನ ಕೈಯಲ್ಲಿತ್ತು. ಕೀಲಿ ಹಾಕದೆ ಗುಂಡಿ ಕೆಲಸ ಮಾಡದು, ಎಲ್ಲರೂ 15 ಅಡಿ ಹಿಂದೆ ನಿಲ್ಲದೆ ನಾನು ಕೀಲಿ ಹಾಕುವುದಿಲ್ಲ. ಐದರಿಂದ ಕೆಳಗೆ ಎಣಿಸಿ ಒತ್ತಿದಳು. ತಕ್ಷಣ ಎದ್ದಿತು. ಎದ್ದದ್ದು ಅಡ್ಡಡ್ಡ ತಿರುಗಿ ಬೇಲಿಯ ಕಡೆ ಹೋಯಿತು. ಉಳಿದವರು ಹೋ ಎಂದರು. ಅವಳು ಓಡಿಹೋಗಿ ಎತ್ತಿಕೊಂಡು, ಹಿಂದಿನಿಂದ ಒಂದು ಕಣ್ಣು ಮುಚ್ಚಿ ಕೊಳವೆಯ ಗುಂಟ ನೋಡಿದಳು. ಒಂದು ರೆಕ್ಕೆ ಓರೆ ಅಂಟಿತ್ತು. ‘ಇದು ನನ್ನದು’ ಎಂದಳು ಇಂಗ್ಲಿಷಿನಲ್ಲಿ, ಅಳದೆ. ಹಳೆಯ ಸ್ಟ್ಯಾಂಡಿನ ಮೇಲೆ ಆ ರೆಕ್ಕೆಯ ಸಂಗತಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅವಳಿಗೂ ಸಹ. ಲಕ್ಕಿಲ್ಲದವಳು ಎಂಬ ಬಿರುದಿನಲ್ಲಿ ಅದು ಮುಚ್ಚಿಹೋಗಿರುತ್ತಿತ್ತು.

ನನಗೆ ತಕರಾರು ಇರುವುದು ಇಲ್ಲಿ. ಸೂತ್ರದ ವಾದ ದೇವರಿಗೆ ಒಪ್ಪುತ್ತದೆ, ಏಕೆಂದರೆ ಅವನ ಮಳೆಯಲ್ಲಿ ಹತ್ತಿರದ ಕಂಬಿ, ದೂರದ ಕಂಬಿ ಎಂಬುದಿಲ್ಲ ಎಂದು ಮೊದಲೇ ಒಪ್ಪಿಕೊಂಡಿದ್ದೇವೆ. ಅದೇ ವಾದವನ್ನು ಮನುಷ್ಯರು ಕಟ್ಟಿದ ಸ್ಟ್ಯಾಂಡಿಗೆ ಹಾಕಿದರೆ ನಿಲ್ಲುವುದಿಲ್ಲ. ಸಂಸಾರ ಅನಾದಿ ಇರಬಹುದು, ವೈರಿಂಗ್ ಅನಾದಿಯಲ್ಲ. ಅದನ್ನು ಒಬ್ಬ ಒಂದು ದಿನ ಕೂತು ಎಳೆದಿದ್ದಾನೆ, ಬೆಸುಗೆ ಹಾಕುವ ಬದಲು ಟೇಪು ಸುತ್ತಿದ್ದಾನೆ. ನಾನಿದ್ದ ಟೂಲ್‌ರೂಮಿನಲ್ಲೇ ಹಳ್ಳಿಯಿಂದ ಬಂದ ಐಟಿಐ ಹುಡುಗನೊಬ್ಬನಿಗೆ ಸವೆದ ಬೆಡ್ಡಿನ ಲೇತ್ ಕೊಟ್ಟು, ಅವನು ಕಡೆದದ್ದೆಲ್ಲ ಟೇಪರ್ ಬಂದಾಗ ‘ಇವನ ಕೈಗುಣ’ ಎಂದು ಮೇಲಿನವರು ಬರೆದುಹಾಕಿದರು. ಊಟದ ಪಂಕ್ತಿಯನ್ನು ಎರಡು ಮಾಡಿದವರೂ ಎರಡನೇ ಪಂಕ್ತಿಗೆ ಕೂತವರ ಪೂರ್ವಜನ್ಮದ ಮಾತನ್ನೇ ಆಡುತ್ತಾರೆ. ದೇವರನ್ನು ಆರೋಪದಿಂದ ಬಿಡಿಸಲು ಹುಟ್ಟಿದ ವಾದವನ್ನು ಬಡಿಸುವವರು ತಮಗೆ ಹಾಕಿಕೊಂಡಿದ್ದಾರೆ.

ಕರ್ಮ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಓರೆ ರೆಕ್ಕೆ ಅಂಟಿಸಿದವಳು ಅವಳೇ, ಅಡ್ಡ ಹೋದದ್ದು ಅದರ ಫಲವೇ. ಜನ್ಮಾಂತರದ ಲೆಕ್ಕ ಇದ್ದರೂ ಇರಲಿ, ನನಗೆ ಅದರ ಮೀಟರ್ ಓದಲು ಬರುವುದಿಲ್ಲ. ಆದರೆ ಸಾಧಾರಣ ಕಾರಣ ನಿಜವಾಗಿ ಸಾಧಾರಣವೇ ಎಂದು ಪರೀಕ್ಷಿಸುವ ತನಕ ವಿಶೇಷ ಕಾರಣದ ಹೆಸರೆತ್ತುವ ಹಕ್ಕು ಸ್ಟ್ಯಾಂಡ್ ಕಟ್ಟಿದವನಿಗಿಲ್ಲ ಎಂಬುದು ನನ್ನ ನಿಲುವು. ಅಮ್ಮ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಮೊಮ್ಮಗ ಅರ್ಧ ಒಪ್ಪಿದ್ದಾನೆ. ಗಾಳಿ ಎದ್ದು ರಾಕೆಟ್ ಮರಕ್ಕೆ ಸಿಕ್ಕಿಕೊಂಡರೆ ಅದನ್ನು ಲಕ್ಕು ಅನ್ನಬಹುದೋ ಇಲ್ಲವೋ ಎಂದು ಕೇಳುತ್ತಾನೆ. ಗಾಳಿಗೆ ತಕ್ಕಂತೆ ಕಂಬಿ ವಾಲಿಸಲು ಸ್ಕ್ರೂ ಕೊಟ್ಟಿದ್ದೇನಲ್ಲ ಮಾರಾಯ ಎಂದೆ.

ಭಾಷ್ಯ, ಟೀಕೆ, ಟಿಪ್ಪಣಿಗಳನ್ನು ಗುರುಮುಖದಿಂದ ಓದಿದವರು ಓದುಗರಲ್ಲಿ ಇರುತ್ತಾರೆ. ಬ್ರಹ್ಮಸೂತ್ರದ ಆ ಅಧಿಕರಣದ ಮೇಲೆ ಬರೆದವರಲ್ಲಿ ಯಾರಾದರೂ, ಈಶ್ವರಸೃಷ್ಟಿಯ ವೈಷಮ್ಯವನ್ನೂ ಮನುಷ್ಯರು ಮಾಡಿಟ್ಟ ವೈಷಮ್ಯವನ್ನೂ ಬೇರೆ ಮಾಡಿ, ಎರಡನೆಯದಕ್ಕೆ ಕರ್ಮದ ಸಮಾಧಾನ ಸಲ್ಲದು ಎಂದಿದ್ದಾರೆಯೇ? ಇದ್ದರೆ ಗ್ರಂಥದ ಹೆಸರು, ಪುಟ ತಿಳಿಸಬೇಕು. ಸಲ್ಲುತ್ತದೆ ಎಂಬ ವಾದವಿದ್ದರೆ ಅದನ್ನೂ ತಿಳಿಸಲಿ.