ಭೋಗ್ಯದ ಮನೆ: ಬಾಡಿಗೆಯೋ, ಬಡ್ಡಿಯೋ?

ಬಡ್ಡಿ ಹರಾಮ್ ಎಂಬುದರಲ್ಲಿ ನಮಗಾರಿಗೂ ಭಿನ್ನಾಭಿಪ್ರಾಯವಿಲ್ಲ. ಬಡ್ಡಿಗೆ ಅಂಜಿ ಬ್ಯಾಂಕಿನ ಮೆಟ್ಟಿಲು ಹತ್ತದ ಕುಟುಂಬಗಳು ಎಷ್ಟೋ ಇವೆ. ಆದರೆ ಅದೇ ಬಡ್ಡಿ ಬೇರೆ ಹೆಸರಿಟ್ಟುಕೊಂಡು ಹಿತ್ತಲ ಬಾಗಿಲಿನಿಂದ ಬಂದರೆ ನಾವು ಗುರುತಿಸುತ್ತೇವೆಯೇ?

ತುರುವನೂರಿನಂತಹ ಊರಿನಲ್ಲಿ ನಾಲ್ಕು ಕಾಸು ಉಳಿಸಿದವರು ಚಿತ್ರದುರ್ಗದಲ್ಲೊಂದು ಮನೆ ಕೊಂಡು ಬಾಡಿಗೆಗೆ ಬಿಡಲು ಬಯಸುವುದು ಸಹಜ. ಅದರಲ್ಲಿ ತಪ್ಪಿಲ್ಲ. ಸೂರು ಸೋರಿದರೆ, ಮನೆ ಖಾಲಿ ಬಿದ್ದರೆ ನಷ್ಟ ಮಾಲಿಕನದೇ. ಆ ಹೊಣೆ ಹೊತ್ತವನಿಗೆ ಬಾಡಿಗೆ ಹಲಾಲ್. ಪವಿತ್ರ ಕುರ್‌ಆನ್ ಅಲ್‌ಬಕರಾ ಅಧ್ಯಾಯದ 275ನೇ ಸೂಕ್ತದಲ್ಲಿ ವ್ಯಾಪಾರವನ್ನು ಬಡ್ಡಿಯಿಂದ ಬೇರ್ಪಡಿಸಿದೆ.

ಕೈಯಲ್ಲಿ ಹಣ ಸಾಲದಾದಾಗ ಹಲವರು ಭೋಗ್ಯದ ಮೊರೆ ಹೋಗುತ್ತಾರೆ. ಉದಾಹರಣೆಗೆ, 5 ಲಕ್ಷ ರೂಪಾಯಿ ಪಡೆದು 3 ವರ್ಷ ಬಾಡಿಗೆಯಿಲ್ಲದೆ ಮನೆ ಕೊಡುವುದು, ಅವಧಿ ಮುಗಿದಾಗ ಅಷ್ಟೂ ಹಣ ಹಿಂದಿರುಗಿಸುವುದು. ಬಡ್ಡಿಯ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಪೂರ್ತಿ ಹಿಂದಿರುಗಿಸಬೇಕಾದ ಹಣ ಸಾಲವಲ್ಲದೆ ಮತ್ತೇನು? ಸಾಲ ಕೊಟ್ಟವನು ಸಾಲದ ಕಾರಣಕ್ಕೇ ಕರಾರು ಮಾಡಿ ಪಡೆಯುವ ಲಾಭ ಬಡ್ಡಿಯೆಂಬುದು ಧರ್ಮಶಾಸ್ತ್ರಜ್ಞರ ತತ್ವ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮು ಕೂಡ ಭೋಗ್ಯದ ಅಡಮಾನವನ್ನು ವಿವರಿಸುವಾಗ, ಬಡ್ಡಿಗೆ ಬದಲಾಗಿ ಆಸ್ತಿಯ ಬಾಡಿಗೆಯನ್ನು ಇಟ್ಟುಕೊಳ್ಳುವ ಮಾತನ್ನಾಡುತ್ತದೆ. ಇಲ್ಲಿ ಬಡ್ಡಿ ತಿನ್ನುವವನು ಮಾಲಿಕನಲ್ಲ, ಪುಕ್ಕಟೆ ವಾಸಿಸುವವನು! ನೆಪಕ್ಕೆ ತಿಂಗಳಿಗೆ 100 ರೂಪಾಯಿ ಬಾಡಿಗೆ ಬರೆದರೆ ವ್ಯವಹಾರ ಶುದ್ಧವಾಗದು. ಅಲ್ಲಾಹನು ಕಾಗದವನ್ನಷ್ಟೇ ಅಲ್ಲ, ಮನಸ್ಸನ್ನೂ ಬಲ್ಲನು.

ಇನ್ನು ಮಾಲಿಕನ ವಿಷಯ. ಆ 5 ಲಕ್ಷವನ್ನೇ ಮುಂಗಡ ಕೊಟ್ಟು ಎರಡನೆಯ ಮನೆ, ಅದರ ಭೋಗ್ಯದಿಂದ ಮೂರನೆಯದು ಎಂದು ಕೊಳ್ಳುತ್ತಾ ಹೋದರೆ ಬೆಲೆ ಕುಸಿದ ದಿನ ಬೀದಿಗೆ ಬೀಳುವವರಾರು? ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಅವನ ಕೈಗಿತ್ತ ಬಡವ. ‘ಮುಂದಿನ ಭೋಗ್ಯದವರು ಬರಲಿ, ಕೊಡುತ್ತೇನೆ’ ಎಂಬುದು ಅವನಿಗೆ ಸಿಗುವ ಉತ್ತರ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದು 280ನೇ ಸೂಕ್ತ ಬೋಧಿಸುತ್ತದೆ, ನಿಜ. ಮಾರಬಹುದಾದ ಮನೆಗಳನ್ನು ಇಟ್ಟುಕೊಂಡು ಸತಾಯಿಸುವವನಿಗೆ ಆ ರಿಯಾಯಿತಿ ಸಲ್ಲುವುದೇ?

ಪ್ರಿಯ ಓದುಗರೇ, ದಾರಿ ಮುಚ್ಚಿಲ್ಲ. ನ್ಯಾಯವಾದ ಬಾಡಿಗೆ ಗೊತ್ತುಪಡಿಸಿರಿ. ಎರಡು ಮೂರು ತಿಂಗಳ ಮುಂಗಡ ಪಡೆದರೆ ಅಮಾನತ್ತಿನಂತೆ ಮುಟ್ಟದೆ ಇಡಿರಿ. ಒಬ್ಬರ ಹಣ ಸಾಲದಿದ್ದರೆ ಅಣ್ಣತಮ್ಮಂದಿರು, ನೆಂಟರು ಪಾಲು ಹಾಕಿ ಕೊಂಡು, ಬಾಡಿಗೆಯನ್ನೂ ನಷ್ಟವನ್ನೂ ಪಾಲಿನಂತೆ ಹಂಚಿಕೊಳ್ಳಿರಿ. ಎಲ್ಲವನ್ನೂ ಸಾಕ್ಷಿಗಳ ಮುಂದೆ ಬರೆದಿಡಿರಿ.

ಎರಡನೆಯ ಮನೆ ಹತ್ತು ವರ್ಷ ತಡವಾದರೆ ಯಾರೂ ನಮ್ಮನ್ನು ವಿಚಾರಿಸಲಾರರು. ಮೊದಲ ಮನೆ ಯಾರ ಹಣದಿಂದ, ಯಾವ ರೀತಿಯಲ್ಲಿ ಬಂತೆಂಬ ವಿಚಾರಣೆ ಮಾತ್ರ ತಪ್ಪದು.